ಅವ್ವ ಉಡಿಸಿದ ಧೋತರ

ಅಣ್ಣನ ತಗಡಿನ ಡಬ್ಬಿ ತೆರೆದಾಗ ಮೊದಲು ಬಂದದ್ದು ಡಾಂಬರು ಗುಳಿಗೆಯ ವಾಸನೆ, ಅದರ ಹಿಂದೆಯೇ ಗಂಜಿ ಹಾಕಿದ ನೂಲಿನ ಹುಳಿ ವಾಸನೆ. ಬನಹಟ್ಟಿಯ ನಮ್ಮ ಮನೆಯೇ ಎದ್ದು ಬಂದು ಮೂಗಿನ ಮುಂದೆ ಕುಳಿತಂತಾಯಿತು. ಆ ಮನೆ ಈಗಿಲ್ಲ. ಮಗ್ಗಗಳಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಣ್ಣ ಹೋದ ವರ್ಷ ತೀರಿಕೊಂಡ. ಡಬ್ಬಿ ನಾನಿರುವ ಹುನ್ನೂರಿಗೆ, ನನ್ನ ಪಾಲಿಗೆ ಬಂತು. ನಿಮಗೂ ಇಂಥದ್ದೊಂದು ಬಂದಿರಬಹುದು. ಇಡಲು ಜಾಗವಿಲ್ಲ, ಎಸೆಯಲು ಕೈ ಬಾರದು. ನಾನು ಮಾರುವುದೆಂದು ತೀರ್ಮಾನಿಸಿದೆ. ನನಗೆ ಹಲ್ಲಿನ ಸೆಟ್ಟು ಬೇಕಿತ್ತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದು ಸಾಕಾಗಿತ್ತು, ಮಗನನ್ನು ಕೇಳುವ ಮನಸ್ಸಿರಲಿಲ್ಲ.

ಡಬ್ಬಿಯಲ್ಲಿದ್ದವರು ಪೈಲವಾನರು. ನಾವು ಸಣ್ಣವರಿದ್ದಾಗ ಪೆಪ್ಪರಮಿಂಟಿನ ಪೊಟ್ಟಣಕ್ಕೆ ಒಬ್ಬರಂತೆ ಅವರ ಚಿತ್ರ ಬರುತ್ತಿತ್ತು. ಇಸ್ಪೀಟಿನ ಎಲೆಯಷ್ಟು ದಪ್ಪ ಕಾಗದ, ಅದರ ಮೇಲೆ ತೊಡೆ ತಟ್ಟಿ ನಿಂತ ಗಂಡಾಳು. ಅಣ್ಣ ಚಿತ್ರ ತಾನಿಟ್ಟುಕೊಂಡು ಪೆಪ್ಪರಮಿಂಟು ನನಗೆ ಕೊಡುತ್ತಿದ್ದ. ನನ್ನ ಹಲ್ಲು ಹೋದದ್ದಕ್ಕೆ ಅರ್ಧ ಕಾರಣ ಆ ಪೈಲವಾನರೇ. ಒಂದು ದಿನ ಅವ್ವ ಅವರನ್ನೆಲ್ಲ ನೋಡಿದಳು. ಬೆಳೆಯುವ ಹುಡುಗಿ ಇರುವ ಮನೆಯಲ್ಲಿ ಇಷ್ಟು ಮಂದಿ ಬರೀ ಲಂಗೋಟಿಯಲ್ಲಿ! ನೂಲಿಗೆ ಹಾಕುವ ಬಣ್ಣದ ಬಟ್ಟಲು ತಂದು, ಕಡ್ಡಿಗೆ ಹತ್ತಿ ಸುತ್ತಿ, ಒಬ್ಬರನ್ನೂ ಬಿಡದೆ ಧೋತರ ಉಡಿಸಿದಳು. ನೇಯುವವಳ ಕೈ, ದಡಿಯಿಲ್ಲದ ಬಟ್ಟೆ ಅವಳಿಗೆ ಬಟ್ಟೆಯೇ ಅಲ್ಲ. ಹಸಿರು ಧೋತರಕ್ಕೆಲ್ಲ ಕೆಂಪು ದಡಿ ಎಳೆದಳು. ಮೀಸೆ ಚೆನ್ನಾಗಿದ್ದ ಒಬ್ಬನಿಗೆ ರುಮಾಲೂ ಸಿಕ್ಕಿತು.

ಅಣ್ಣ ನೆಲಕ್ಕೆ ಬಿದ್ದು ಉರುಳಾಡಿದ. "ನನ್ನ ಪೈಲವಾನರನ್ನ ಕಿರಾಣಿ ಅಂಗಡಿ ಗುಮಾಸ್ತರನ್ನ ಮಾಡಿಟ್ಟಿ ನೋಡಬೇ!"

"ಕುಸ್ತಿ ಮುಗಿದ ಮ್ಯಾಲ ಮನಿಗಿ ಹೋಗೂದಿಲ್ಲೇನಲೇ ಅವರು? ಹಾದ್ಯಾಗ ಹಂಗಽ ಹೊಂಟಾರೇನು?" ಎಂದಳು ಅವ್ವ.

ಅಪ್ಪ ಮಗ್ಗದ ಕುಣಿಯಲ್ಲೇ ಕುಳಿತು ನಕ್ಕು ನಕ್ಕು ಎಳೆ ಹರಿದುಕೊಂಡ. ಅಣ್ಣ ಮಾತ್ರ ಎರಡು ಹೊತ್ತು ಉಣ್ಣಲಿಲ್ಲ. ಆದರೂ ಒಂದನ್ನೂ ಎಸೆಯಲಿಲ್ಲ ಅನ್ನುವುದು ಈಗ ಡಬ್ಬಿ ನೋಡಿದಾಗ ಗೊತ್ತಾಯಿತು.

ಮೊಮ್ಮಗಳು ಫೋನಿನಲ್ಲಿ ಫೋಟೋ ಹಾಕಿದ್ದಳು. ಹಳೆಯ ಸಾಮಾನು ಕೊಳ್ಳುವವನೊಬ್ಬ ವಿಜಯಪುರದಿಂದ ಬಂದ. ಕಣ್ಣಿಗೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.

"ಆಯಿ, ಮಾಲು ಛಲೋ ಐತ್ರಿ. ಆದ್ರ ಹಿಂಗ ಇದ್ರ ಯಾರೂ ತಗೊಳ್ಳಾಂಗಿಲ್ಲ. ನಾ ಔಷಧ ಹಚ್ಚಿ ಬಣ್ಣ ಒರಸ್ತೀನ್ರಿ, ಆಮ್ಯಾಲ ನೋಡ್ರಿ ರೇಟು!"

"ಒರಸಿದ್ರ ಏನ್ ಕಾಣತೈತಿ?"

"ಲಂಗೋಟಿ ಕಾಣತಾವ್ರಿ."

"ನಮ್ಮವ್ವ ಉಡಿಸಿದ್ದನ್ನ ನಿನ್ನ ಕಡಿಂದ ಬಿಚ್ಚಸಲೇನು? ನಡೀಪಾ, ಚಾ ಕುಡದ ನಡಿ."

"ಬರೇ ಬಣ್ಣ ಐತ್ರಿ ಆಯಿ ಅದು!"

"ಹೌದಲಾ, ಬರೇ ಬಣ್ಣ. ಅದ ಹೋದ್ರ ನನ್ನ ಕಡೆ ಅಕೀದು ಏನೂ ಉಳಿಯೂದಿಲ್ಲ."

ಅವನು ಚಹಾ ಕುಡಿದು ಹೋದ. ಹಲ್ಲಿನ ಸೆಟ್ಟಿಗೂ ಅವನ ಜೊತೆಗೇ ಕೈ ಮುಗಿದೆ. ಎತ್ತಿಡುವಾಗ ಅಡಿಯಲ್ಲಿದ್ದ ಒಂದು ಚಿತ್ರವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಆ ಪೈಲವಾನನ ಧೋತರ ಒಂದೇ ಕಾಲಿಗೆ ಇಳಿದಿತ್ತು. ಇನ್ನೊಂದು ಕಾಲು ಹಾಗೇ ಬಯಲಿಗಿತ್ತು. ಬಣ್ಣ ತೀರಿತ್ತೋ, ಯಾರಾದರೂ ಕರೆದಿದ್ದರೋ, ಅವ್ವ ಅರ್ಧಕ್ಕೇ ಎದ್ದು ಹೋಗಿದ್ದಳು. ಯಾಕೆಂದು ಕೇಳೋಣವೆಂದರೆ ಆ ಮನೆಯವರಲ್ಲಿ ಈಗ ಉಳಿದವಳು ನಾನೊಬ್ಬಳೇ.