ತಡೆಗೇಟಿನ ಶಿವಕೊಳುಂದು
ಶಿವಕೊಳುಂದು ಅವರನ್ನು ನಾನು ಮೊದಲು ಕಂಡದ್ದು ಶ್ರೀಲಂಕಾದ ಉತ್ತರದ ವವುನಿಯಾ ಪಟ್ಟಣದ ಆಚೆ, ಸೈನ್ಯದ ತಡೆಗೇಟಿನಲ್ಲಿ. ಶಾಲಾಮಾಸ್ಟರನಾದ ನಾನು ಪರಿಹಾರದ ಕೆಲಸಕ್ಕೆ ಸೇರಿದ್ದೆ. ಅವರು ಸೈನ್ಯದ ದಿಗ್ಬಂಧನದೊಳಗಿನ ವನ್ನಿ ಪ್ರದೇಶದ ಆಸ್ಪತ್ರೆಗಳಿಗೆ ಹೊರಟ ಪರಿಹಾರದ ಲಾರಿಗಳ ಪಟ್ಟಿ ಹಿಡಿದು ನಿಂತಿದ್ದರು. ಪಟ್ಟಿಯ ತುದಿಯಲ್ಲಿ ಯಾವಾಗಲೂ ಟಾರ್ಚಿನ ಬ್ಯಾಟರಿಗಳನ್ನೇ ಬರೆಯುತ್ತಿದ್ದರು. "ಬಾಂಬಿಗೆ ಬಳಸ್ತಾರೆ ಅಂತ ಸೈನ್ಯದವರು ಬ್ಯಾಟರಿ ಬಿಡೋಲ್ಲ, ಗೊತ್ತಲ್ಲ?" ಎಂದೆ. "ಸಾಹೇಬ್ರಿಗೆ ಪಟ್ಟಿಯಿಂದ ಹೊಡೆದುಹಾಕೋಕೆ ಏನಾದ್ರೂ ಬೇಕಲ್ಲ ಮಾಸ್ಟರ್! ಅದು ಸಿಗದಿದ್ರೆ ಪೆನ್ನು ಮದ್ದಿನ ಮೇಲೆ ಬೀಳತ್ತೆ." ಸೈನಿಕರು ಮೂಟೆಗಳಿಗೆ ಕಬ್ಬಿಣದ ಸಲಾಕೆ ಚುಚ್ಚುವಾಗ, "ಮೆತ್ತಗೆ ತಮ್ಮಾ, ಅಕ್ಕಿಗೆ ನೋವಾಗತ್ತೆ" ಎನ್ನುವರು, ಚಾಲಕರು ಗೊಣಗಿದರೆ, "ನಿನ್ನ ಬಾಯಿಗೂ ಪರವಾನಗಿ ತಂದಿದೀಯೇನೋ?" ಎಂದು ಗದರುವರು. ಹೋದ ಮಂಗಳವಾರ ಬಂದ ಹೊಸ ಅಧಿಕಾರಿ ಬ್ಯಾಟರಿಗಳನ್ನು ಹೊಡೆದುಹಾಕಿದ ಮೇಲೂ ಪೆನ್ನು ಮುಚ್ಚಲಿಲ್ಲ, ಇನ್ಸುಲಿನ್ನನ್ನೂ ಹೊಡೆದುಹಾಕಿದ. ನಾನು ವಾದಕ್ಕಿಳಿಯುವಷ್ಟರಲ್ಲಿ ಶಿವಕೊಳುಂದು ನನ್ನ ತೋಳನ್ನು ಬಿಗಿಯಾಗಿ ಹಿಡಿದು, "ಆಗಲಿ ಸರ್" ಎಂದು ನಕ್ಕರು. ವಾದಿಸಿದರೆ ಇಡೀ ಲಾರಿಯೇ ಹಿಂದಿರುಗಬೇಕಿತ್ತು. ಆ ಇನ್ಸುಲಿನ್ನಿಗಾಗಿ ಒಳಗೆ ಕಾದಿರುವವರಲ್ಲಿ ಅವರ ಸ್ವಂತ ಅಕ್ಕನೂ ಒಬ್ಬರೆಂದು ಚಾಲಕ ಆಮೇಲೆ ಹೇಳಿದ. ಈಗ ಶಿವಕೊಳುಂದು ದಿನವೂ ಇನ್ಸುಲಿನ್ನಿನ ಅನುಮತಿಗೆ ಬಿಸಿಲಲ್ಲಿ ಸಾಲಿನಲ್ಲಿ ನಿಲ್ಲುತ್ತಾರೆ. ತಮ್ಮವರಿಗೆಂದು ಸೈನ್ಯಕ್ಕೆ ತಿಳಿದರೆ ಎಲ್ಲರ ಮದ್ದೂ ನಿಂತೀತೆಂಬ ಭಯದಿಂದ ಅಕ್ಕನ ಹೆಸರೆತ್ತುವುದಿಲ್ಲ. ಆಕೆಯ ಬಳಿ ಉಳಿದಿರುವುದು ನಾಲ್ಕೇ ದಿನದ ಮದ್ದು.