ಹೊಸ ಇಂಜಿನ್ನಿಗೊಂದು ಪತ್ರ

"ಇಂಜಿನ್ ನಂಬರೇ ಬ್ಯಾರೆ ಐತಲ್ಲ ಸಾರ್! ಇದು ಯಾರ ಗಾಡಿ?"

ನನ್ನ ಕಾರು ಕೊಳ್ಳಲು ರಾಜಾನುಕುಂಟೆಯಿಂದ ಜಾಲಹಳ್ಳಿಗೆ ಬಂದಿದ್ದ ಹಿರಿಯರು ಆರ್‌ಸಿ ಹಿಡಿದು ಬಾನೆಟ್ಟಿನಡಿಯಿಂದಲೇ ಕೂಗಿದಾಗ ಬೀದಿಯೆಲ್ಲ ತಿರುಗಿ ನೋಡಿತು. ಕಳೆದ ವರ್ಷ ಶೋರೂಮಿನವರೇ ವಾರಂಟಿಯಲ್ಲಿ ಇಂಜಿನ್ನನ್ನೇ ಬದಲಿಸಿಕೊಟ್ಟಿದ್ದರು ಎಂದೆ.

"ಅದುಕ್ಕೊಂದು ಕಾಗ್ದ ಐತಾ?"

ಇರಲಿಲ್ಲ. ಅಂದು ಹೊಸ ಇಂಜಿನ್ನಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಹೊರಟವನಿಗೆ, ಅದರ ನಂಬರಿರುವ ಪತ್ರ ಕೇಳಬೇಕೆಂದು ಹೊಳೆದಿರಲಿಲ್ಲ. ನನ್ನ ಹೆಂಡತಿ ತಂದ ಕಾಫಿಯನ್ನೂ ಮುಟ್ಟದೆ ಅವರು ಬೈಕ್ ಹತ್ತಿದರು.

ಮರುದಿನವೇ ಶೋರೂಮಿಗೆ ಓಡಿ ಪತ್ರ ಪಡೆದೆ. ಆರ್‌ಸಿಯಲ್ಲೂ ವಿಮೆಯಲ್ಲೂ ಹೊಸ ನಂಬರ್ ಬರೆಸಿದೆ. ಆದರೆ ಅಂದು ತಿರುಗಿ ನೋಡಿದ ಬೀದಿಯವರಿಗೆಲ್ಲ ಆ ಪತ್ರ ತೋರಿಸುತ್ತ ಮನೆಮನೆಗೆ ಹೋಗಲಾಗುತ್ತದೆಯೇ?