ಅತ್ತಿಗೆ ಓದದೇ ಇಟ್ಟ ಬರಹಗಳು

ನಮ್ಮ ಅತ್ತಿಗೆಯ ಮಾತಿಗೆ ಊರಿನ ಅರ್ಧ ಜನ ಉಸಿರು ಬಿಗಿಹಿಡಿದಿದ್ದಾರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವರ ಕೆಲಸ. “ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ, ಹಾಂ, ಬಿಡಿ” ಎಂದು ದಿನವಿಡೀ ಹೇಳಿ ಹೇಳಿ, ಮನೆಯಲ್ಲಿ ನಾನೂ ಅಣ್ಣನೂ ಜಗಳಕ್ಕೆ ನಿಂತಾಗಲೂ ಅವರ ಬಾಯಿಂದ ಅದೇ ಬರುತ್ತದೆ. ಆಶ್ಚರ್ಯವೆಂದರೆ ನಾವೂ ಹಿಡಿದುಕೊಳ್ಳುತ್ತೇವೆ. ಬಿಡಿ ಎನ್ನುವಷ್ಟರಲ್ಲಿ ಜಗಳ ಯಾತಕ್ಕೆ ಶುರುವಾಯಿತೆಂಬುದೇ ಮರೆತಿರುತ್ತದೆ.

ಅವರ ಕೋಣೆಯ ಗೋಡೆಗಳೊಳಗೆ ಸೀಸದ ತಗಡಿದೆ. ಅಲ್ಲಿಗೆ ಫೋನಿನ ಸಿಗ್ನಲ್ ಎಳ್ಳಷ್ಟೂ ಇಳಿಯುವುದಿಲ್ಲ. ಒಬ್ಬ ರೋಗಿ ಅಂಗಿಯ ಗುಂಡಿ ಹಾಕಿಕೊಂಡು ಹೊರಟು ಇನ್ನೊಬ್ಬ ಗುಂಡಿ ಬಿಚ್ಚುವುದರೊಳಗೆ ಸಿಗುವ ಬಿಡುವಿನಲ್ಲಿ, ಗಾಜಿನ ಹಿಂದಿನ ಸ್ಟೂಲಿನ ಮೇಲೆ ಕೂತು ಅತ್ತಿಗೆ ಓದುತ್ತಾರೆ. ಅದಕ್ಕೆಂದೇ ಅವರ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಬೆಳಿಗ್ಗೆ ಮನೆಯಲ್ಲಿ ಕಣ್ಣಿಗೆ ಬಿದ್ದ ಲೇಖನಗಳನ್ನೆಲ್ಲ ಅದರೊಳಗೆ ತುಂಬಿಕೊಂಡರೆ ನೆಟ್ ಇಲ್ಲದ ಕಡೆಯೂ ತೆರೆದುಕೊಳ್ಳುತ್ತಿದ್ದವು. ಮಂಡಿನೋವು, ಕುಂಡದಲ್ಲಿ ಟೊಮೆಟೊ ಬೆಳೆಯುವುದು, ತಿಮಿಂಗಿಲದ ನಿದ್ದೆ, ಯಾವುದೂ ಅವರಿಗೆ ಬೇಡವಾಗಿರಲಿಲ್ಲ. ನಾನು ಲಿಫ್ಟ್ ರಿಪೇರಿಯವನು. ಹತ್ತುವುದಿದ್ದರೆ ಹತ್ತು, ಇಲ್ಲದಿದ್ದರೆ ಬಾಗಿಲು ಬಿಡು ಎನ್ನುವ ಜಾತಿ. ಆಮೇಲೆ ಓದೋಣ ಎಂದು ಕೂಡಿಡುವವರನ್ನು ಕಂಡರೆ ನನಗೆ ರೇಗುತ್ತದೆ.

ಆ ಕೂಡಿಟ್ಟಿದ್ದರಲ್ಲಿ ನಮ್ಮಪ್ಪನ ಬರಹಗಳೂ ಇದ್ದವು. ಅಪ್ಪ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಇಂಟರ್ನೆಟ್ಟಿನ ಒಂದು ಪುಟ್ಟ ಪತ್ರಿಕೆಗೆ ವಾರವಾರ ಬರೆಯುತ್ತಿದ್ದರು. ತಮ್ಮ ಕನ್ನಡಿಯಲ್ಲಿ ಕಂಡ ಪ್ರಯಾಣಿಕರ ಕಥೆಗಳು. ಒಂದೇ ಬೆರಳಿನಲ್ಲಿ, ನೇರವಾಗಿ ಪತ್ರಿಕೆಯ ಪುಟದಲ್ಲೇ ಟೈಪ್ ಮಾಡಿ ಕಳಿಸುವುದು. ಒಂದು ಪ್ರತಿ ಇಟ್ಟುಕೊಳ್ಳಿ ಎಂದರೆ, ಬಸ್ಸಿಗೆ ಯಾರಾದರೂ ಎರಡು ಸ್ಟೇರಿಂಗ್ ಇಡುತ್ತಾರಾ ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಪ್ರತಿ ವಾರ ಸೊಸೆಯನ್ನು ಓದಿದೆಯಾ ಎಂದು ಕೇಳುತ್ತಿದ್ದರು. ಅತ್ತಿಗೆ, ಓದಿದೆ ಮಾವ, ಚೆನ್ನಾಗಿದೆ ಎನ್ನುತ್ತಿದ್ದರು. ಅಪ್ಪನ ಮುಖ ಅರಳುತ್ತಿತ್ತು.

ಅಮ್ಮ ತೀರಿಕೊಂಡ ಮರುವರ್ಷ ಅಪ್ಪ ಅವಳ ಬಗ್ಗೆ ಒಂದು ಬರೆದರು. ಅವರು ಬರೆದದ್ದರಲ್ಲೆಲ್ಲ ಅದೇ ಚಿಕ್ಕದು. ಅಮ್ಮನ ಬಗ್ಗೆ ಅಪ್ಪ ಅದಕ್ಕಿಂತ ಮೊದಲೂ ಮಾತಾಡಿರಲಿಲ್ಲ, ಆಮೇಲೂ ಆಡಲಿಲ್ಲ.

ಹೀಗಿರುವಾಗ ಅತ್ತಿಗೆಯ ಆ್ಯಪ್‌ನವರು ಅಂಗಡಿ ಮುಚ್ಚುತ್ತೇವೆಂದು ಸುದ್ದಿ ಕಳಿಸಿದರು. ತಿಂಗಳ ಕೊನೆಗೆ ಎಲ್ಲವನ್ನೂ ಅಳಿಸಿಹಾಕುತ್ತೇವೆ, ಅಷ್ಟರೊಳಗೆ ಬೇರೆ ಕಡೆಗೆ ಸಾಗಿಸಿಕೊಳ್ಳಿ ಎಂದಿದ್ದರು. ಅತ್ತಿಗೆ ಹೊಸ ಆ್ಯಪ್ ಹುಡುಕಲು ಹೊರಟ ರೀತಿ ನೋಡಬೇಕಿತ್ತು. ಮನೆಗೆ ಅಳಿಯನನ್ನು ಹುಡುಕುವಾಗಲೂ ಜನ ಇಷ್ಟು ವಿಚಾರಿಸುವುದಿಲ್ಲ. ಒಂದೊಂದನ್ನೂ ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದರು. ಸಂಜೆ ಚಹಾ ಕುಡಿಯುತ್ತಾ ವರದಿ ಒಪ್ಪಿಸುತ್ತಿದ್ದರು, ನಾನು ಒಂದೊಂದಕ್ಕೆ ಹೆಸರಿಡುತ್ತಿದ್ದೆ. ಮೊದಲನೆಯದು ಶೋಕಿಲಾಲ. ಅಕ್ಷರ, ಬಣ್ಣ ಎಲ್ಲ ಕಣ್ಣಿಗೆ ಹಬ್ಬ, ಆದರೆ ಕೆಳಗಿಳಿದ ಕೂಡಲೇ ಬಿಳಿ ಪರದೆ. ಎರಡನೆಯದು ಬಾಯಿಬಡುಕ. ಲೇಖನವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಆದರೆ ಅದರ ಕನ್ನಡ ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವರ ಹಾಗಿತ್ತು. ಮೂರನೆಯದು ಲೇಖನವನ್ನಲ್ಲ, ಬರೀ ಅದರ ವಿಳಾಸವನ್ನು ಇಟ್ಟುಕೊಳ್ಳುತ್ತಿತ್ತು. ಊಟಕ್ಕೆ ಕರೆದು ಹೋಟೆಲಿನ ದಾರಿ ತೋರಿಸಿದ ಹಾಗೆ. ಕೊನೆಯದಕ್ಕೆ ಗುಮಾಸ್ತ ಎಂದು ಹೆಸರಿಟ್ಟೆ. ನೋಡಲು ಸಪ್ಪೆ, ಆದರೆ ಕೊಟ್ಟದ್ದನ್ನೆಲ್ಲ ಚಿತ್ರಸಮೇತ ಇಳಿಸಿಟ್ಟುಕೊಂಡು ಕತ್ತಲೆ ಕೋಣೆಯಲ್ಲೂ ತೆಗೆದುಕೊಡುತ್ತಿತ್ತು. ಅತ್ತಿಗೆ ಗುಮಾಸ್ತನನ್ನು ಒಪ್ಪಿದರು.

ಇಷ್ಟೆಲ್ಲ ಆಗುವ ಹೊತ್ತಿಗೆ ತಿಂಗಳು ಮುಗಿಯುತ್ತಾ ಬಂದಿತ್ತು. ಕೊನೆಯ ದಿನ ರಜೆಯಿತ್ತು. ಊಟದ ಮೇಜಿನ ಮೇಲೆ ಫೋನಿಟ್ಟುಕೊಂಡು ಅತ್ತಿಗೆ ಹಳೆಯದರಿಂದ ಪಟ್ಟಿಯನ್ನು ಹೊಸದಕ್ಕೆ ಕೊಟ್ಟರು. ಗುಮಾಸ್ತ ಒಂದೊಂದೇ ವಿಳಾಸಕ್ಕೆ ಹೋಗಿ ಲೇಖನ ತರತೊಡಗಿದ. ಮಂಡಿನೋವು ಬಂತು, ಟೊಮೆಟೊ ಬಂತು, ತಿಮಿಂಗಿಲವೂ ಬಂತು. ಅಪ್ಪನ ಬರಹಗಳ ಸರದಿ ಬಂದಾಗ ಮಾತ್ರ ಎಲ್ಲದರ ಮುಂದೆಯೂ ಒಂದೇ ಮಾತು: ಪುಟ ಸಿಗಲಿಲ್ಲ.

ಪತ್ರಿಕೆಯೇ ಇರಲಿಲ್ಲ. ನಡೆಸುತ್ತಿದ್ದವರು ಕೈಲಾಗದೆ ಆ ವಾರವೇ ನಿಲ್ಲಿಸಿದ್ದರು. ಮೊದಲೇ ಎಲ್ಲ ಬರಹಗಾರರಿಗೂ ಮೇಲ್ ಕಳಿಸಿ ತಿಳಿಸಿದ್ದರಂತೆ. ಅಪ್ಪ ಅದನ್ನು ಯಾವುದೋ ಜಾಹೀರಾತು ಎಂದುಕೊಂಡು ತೆರೆಯದೆಯೇ ಅಳಿಸಿದ್ದರು. ಈಗ ಕುರ್ಚಿಯಲ್ಲಿ ಕುಸಿದು ಕೂತರು. ಬೇರೆಲ್ಲ ಹೋದರೆ ಹೋಗಲಿ, ಅವಳದ್ದು ಒಂದು ಸಿಗುತ್ತದಾ ನೋಡಿ ಎಂದರು. ಅಪ್ಪ ಯಾರ ಬಳಿಯೂ ಏನನ್ನೂ ಕೇಳಿದವರಲ್ಲ. ನಾನು ಸಿಟ್ಟು ಮಾಡಿಕೊಂಡು ಗುಮಾಸ್ತನನ್ನು ಬಾಯಿಗೆ ಬಂದಂತೆ ಬೈದೆ.

ಅತ್ತಿಗೆ ಬೈಯಲಿಲ್ಲ. ಹೊಸದು ಖಾಲಿ ಕೈಯಲ್ಲಿ ಬಂದರೇನು, ಹಳೆಯ ಆ್ಯಪ್ ಫೋನಿನೊಳಗೆ ಇಳಿಸಿಟ್ಟದ್ದು ಇನ್ನೂ ಇರಬಹುದಲ್ಲ ಎಂದು ಅವರಿಗೆ ಹೊಳೆಯಿತು. ಆದರೆ ಅದಕ್ಕೆ ನೆಟ್ ಸಿಕ್ಕರೆ ಯಾವ ಗಳಿಗೆಯಲ್ಲಾದರೂ ತನ್ನನ್ನು ತಾನೇ ಬರಿದು ಮಾಡಿಕೊಳ್ಳಬಹುದು. ಅವರು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದರು.

“ಎಲ್ಲರೂ ಉಸಿರು ಹಿಡ್ಕೊಳ್ಳಿ,” ಎಂದರು. ತಮಾಷೆಗೆ ಅಂದದ್ದಲ್ಲ. ನಾವೂ ತಮಾಷೆಗೆ ಹಿಡಿಯಲಿಲ್ಲ.

ಹಳೆಯದನ್ನು ತೆರೆದರು. ಅಪ್ಪನ ಶೀರ್ಷಿಕೆ ಒತ್ತಿದರು. ಬರಹ ತೆರೆದುಕೊಂಡಿತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ. ಮುಂದಿನದೂ ತೆರೆಯಿತು, ಅದರ ಮುಂದಿನದೂ. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ನೆಲಮಾಳಿಗೆಗೂ ಅದರ ಸೀಸದ ಗೋಡೆಗೂ ಮನಸ್ಸಿನಲ್ಲೇ ಕೈಮುಗಿದೆ. ಅಲ್ಲಿ ಸಿಗ್ನಲ್ ಇದ್ದಿದ್ದರೆ ಅತ್ತಿಗೆ ಇದ್ಯಾವುದನ್ನೂ ಇಳಿಸಿಡುತ್ತಿರಲಿಲ್ಲ.

ಅಪ್ಪ ಕನ್ನಡಕ ಏರಿಸಿಕೊಂಡು ಪರದೆಗೆ ಬಾಗಿದರು. ಪ್ರತಿ ಬರಹದ ಪಕ್ಕದಲ್ಲೂ ಇರುವ ಈ ನೀಲಿ ಚುಕ್ಕಿ ಏನು ಎಂದು ಕೇಳಿದರು. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ? ಅದು ಇನ್ನೂ ಓದಿಲ್ಲವೆಂಬ ಗುರುತು ಎಂದು ಹೇಳಿಬಿಟ್ಟೆ.

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ನಿಮ್ಮದನ್ನು ರೋಗಿಗಳ ನಡುವೆ ಅರ್ಧಂಬರ್ಧ ಓದಲು ಮನಸ್ಸಾಗಲಿಲ್ಲ ಮಾವ, ಪುರುಸೊತ್ತಾಗಿ ಓದೋಣ ಅಂತ ಇಟ್ಟೆ, ಪುರುಸೊತ್ತು ಬರಲೇ ಇಲ್ಲ ಎಂದರು. ಓದಿ ಮುಗಿಸಿದ್ದಕ್ಕೆ ಟಿಕ್ ಹಾಕಿದರೆ ಆ್ಯಪ್ ಅದನ್ನು ಫೋನಿನಿಂದ ತೆಗೆದುಹಾಕುತ್ತದೆ, ಪಟ್ಟಿಯಲ್ಲಿ ಬರೀ ಶೀರ್ಷಿಕೆ ಉಳಿಯುತ್ತದೆ. ಬಾಯಲ್ಲಿ ವಾರವಾರ ಸುಳ್ಳು ಹೇಳಿದ್ದರೂ, ಓದದ ಬರಹಕ್ಕೆ ಟಿಕ್ ಹಾಕಲು ಮಾತ್ರ ಅವರಿಗೆ ಕೈ ಬಂದಿರಲಿಲ್ಲ. ನೋಡದ ಎಕ್ಸ್‌ರೇಗೆ ನೋಡಿದೆನೆಂದು ಸಹಿ ಹಾಕಿ ಅಭ್ಯಾಸವಿಲ್ಲದ ಕೈ ಅದು.

ಅಪ್ಪ ನಕ್ಕರು. “ನೀನು ಓದಿಲ್ಲ ಅಂತ ನಂಗೆ ಗೊತ್ತಿತ್ತು ಕಣಮ್ಮ. ಓದಿದವರು ಚೆನ್ನಾಗಿದೆ ಅಂತ ಹೇಳಿ ಸುಮ್ನಾಗಲ್ಲ, ಏನಾದ್ರೂ ಕೊಕ್ಕೆ ತೆಗೀತಾರೆ. ಓದಿದ್ರೆ ಇವತ್ತು ಒಂದೂ ಉಳೀತಿರಲಿಲ್ಲ. ನೀನು ಓದದೇ ಇದ್ದಿದ್ದೇ ದೊಡ್ಡ ಉಪಕಾರ ಆಯ್ತು.”

ಆಮೇಲೆ ಅವರ ಬೆರಳು ಅಮ್ಮನ ಬರಹ ಹುಡುಕುತ್ತಾ ಕೆಳಗಿಳಿಯಿತು. ಶೀರ್ಷಿಕೆ ಸಿಕ್ಕಿತು. ಅದೊಂದರ ಪಕ್ಕದಲ್ಲಿ ಮಾತ್ರ ನೀಲಿ ಚುಕ್ಕಿಯಿರಲಿಲ್ಲ. ಒತ್ತಿದರೆ ಖಾಲಿ ಪುಟ.

ಅದೊಂದನ್ನು ಅತ್ತಿಗೆ ಓದಿದ್ದರು.

ಅತ್ತಿಗೆ ಎದ್ದು ಒಳಗಿನಿಂದ ಅಪ್ಪನ ಲ್ಯಾಪ್‌ಟಾಪ್ ತಂದು ಅವರ ಮುಂದಿಟ್ಟರು. “ಟೈಪ್ ಮಾಡಿ ಮಾವ, ನಾನು ಹೇಳ್ತೀನಿ. ಟಿಕ್ ಹಾಕೋಕೆ ಮುಂಚೆ ದಿನಾ ಓದ್ತಿದ್ದೆ. ನಂಗೆ ಬಾಯಿಪಾಠ ಬರುತ್ತೆ,” ಎಂದರು.

ಹೇಳತೊಡಗಿದರು. ಮಧ್ಯಾಹ್ನದ ಟ್ರಿಪ್ಪಿಗೆ ಅಮ್ಮ ಊಟದ ಡಬ್ಬಿ ಹಿಡಿದು ಬಸ್ಸು ಹತ್ತುತ್ತಿದ್ದದ್ದು. ಡ್ರೈವರನ ಹೆಂಡತಿಯಾದರೂ ಟಿಕೆಟ್ ತೆಗೆದುಕೊಳ್ಳುತ್ತಿದ್ದದ್ದು. ಚಾಲಕರೊಡನೆ ಮಾತನಾಡಬಾರದೆಂಬ ಬೋರ್ಡಿಗೆ ಮರ್ಯಾದೆ ಕೊಟ್ಟು, ಕೊನೆಯ ಸ್ಟಾಪು ಬರುವವರೆಗೂ ಕನ್ನಡಿಯಲ್ಲಿ ಗಂಡನನ್ನು ನೋಡುತ್ತಾ ಸುಮ್ಮನೆ ಕೂರುತ್ತಿದ್ದದ್ದು. ಅಪ್ಪನ ಒಂಟಿ ಬೆರಳು ಒಂದೊಂದೇ ಅಕ್ಷರ ಒತ್ತುತ್ತಾ ಹಿಂದಿನಿಂದ ಬರುತ್ತಿತ್ತು. ಅತ್ತಿಗೆ ಒಂದು ಸಾಲು ಹೇಳಿ ಕಾಯುತ್ತಿದ್ದರು. ನಾನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದೆ.

“ಮನೆಗೆ ಹೊಸದಾಗಿ ಬಂದ ಸೊಸೆಯನ್ನೂ ಒಮ್ಮೆ ಜೊತೆಗೆ ಕರೆತಂದಿದ್ದಳು. ಕಿಟಕಿ ಪಕ್ಕದ ಜಾಗವನ್ನು ಅವಳಿಗೇ ಬಿಟ್ಟುಕೊಟ್ಟಿದ್ದಳು,” ಎಂದರು ಅತ್ತಿಗೆ.

ಅಪ್ಪನ ಬೆರಳು ನಿಂತಿತು. “ಇದು ನಾನು ಬರೆದಿದ್ದಲ್ಲ.”

“ಅಲ್ಲ ಮಾವ. ಓದುವಾಗೆಲ್ಲ ನಾನೇ ಸೇರಿಸ್ಕೊಂಡು ಓದ್ತಿದ್ದೆ. ಬಿಟ್ಟುಬಿಡಿ.”

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಅದನ್ನು ಮತ್ತೆ ಹಾಕಿಕೊಳ್ಳಲು ತುಂಬ ಹೊತ್ತು ಹಿಡಿಯಿತು.

“ಅವತ್ತು ಕನ್ನಡಿಯಲ್ಲಿ ಇಬ್ರೂ ಕಾಣ್ತಿದ್ರಿ,” ಎಂದರು. “ನಾನೇ ಬರೆಯೋದು ಮರೆತಿದ್ದೆ. ನಿಧಾನವಾಗಿ ಇನ್ನೊಂದ್ಸಲ ಹೇಳಮ್ಮ.”